ಆಷಾಢದ ಬಾಡಿಗೆ ಮನೆ

ಆಷಾಢದಲ್ಲಿ ಬಾಡಿಗೆ ಮನೆ ಹುಡುಕಿಕೊಂಡು ನಂಜನಗೂಡಿನ ಬೀದಿ ಬೀದಿ ಅಲೆಯುವವನನ್ನು ಜನ ವಿಚಿತ್ರವಾಗಿ ನೋಡುತ್ತಾರೆ. ಮನೆ ಬದಲಿಸುವುದಿರಲಿ, ಆ ತಿಂಗಳಲ್ಲಿ ಒಂದು ಬಟ್ಟೆ ಬೀರು ಕೊಳ್ಳುವುದಕ್ಕೂ ಹಿಂದೆ ಮುಂದೆ ನೋಡುವ ಊರು ಅದು. ಮೂಗೂರಿನ ಮಾದು ಮಾತ್ರ ಬೇಕೆಂದೇ ಆಷಾಢವನ್ನು ಆರಿಸಿಕೊಂಡಿದ್ದ. ಅವನ ಅಪ್ಪ ಚಾಮಯ್ಯ ಬೌದ್ಧ ದೀಕ್ಷೆ ತೆಗೆದುಕೊಂಡಂದಿನಿಂದ ಅವರ ಮನೆಗೆ ರಾಹುಕಾಲವೂ ಇಲ್ಲ, ಆಷಾಢವೂ ಇಲ್ಲ. ಬಾಡಿಗೆಗೆ ಯಾರೂ ಬಾರದ ತಿಂಗಳಲ್ಲಿ ಮಾಲೀಕರು ಒಂದಿಷ್ಟು ಇಳಿಯುತ್ತಾರೆ ಎಂಬುದು ಅವನ ಲೆಕ್ಕಾಚಾರ.

ಲೆಕ್ಕಾಚಾರ ಅರ್ಧ ಮಾತ್ರ ಸರಿಯಾಯಿತು. ಬಾಡಿಗೆ ಇಳಿಯುತ್ತಿತ್ತು. ಆಮೇಲೆ ಮಾಲೀಕರು ಮೆಲ್ಲಗೆ, "ನಿಮ್ಮ ಮನೆದೇವ್ರು ಯಾವ್ದು?" ಎನ್ನುತ್ತಿದ್ದರು. ಜಾತಿ ಕೇಳಿದರೆ ಚೆನ್ನಾಗಿರುವುದಿಲ್ಲವೆಂದು ದೇವರನ್ನು ಮುಂದೆ ಬಿಡುವ ಸಜ್ಜನರು! "ಬುದ್ಧ" ಎಂದ ಕೂಡಲೇ ಅವರಿಗೆಲ್ಲ ಮೈಸೂರಿನಲ್ಲಿರುವ ತಮ್ಮನ ನೆನಪಾಗುತ್ತಿತ್ತು. "ನಮ್ ತಮ್ಮನೇ ಬತ್ತೀನಿ ಅಂದವ್ನೆ ಕಣ್ರೀ." ಇಷ್ಟೊಂದು ತಮ್ಮಂದಿರು ಬಂದಿಳಿದರೆ ನಂಜನಗೂಡು ಸಾಲುತ್ತದೆಯೇ ಎಂದು ಮಾದುವಿಗೆ ನಗು ಬರುತ್ತಿತ್ತು, ಸಿಟ್ಟೂ ಬರುತ್ತಿತ್ತು.

ಆದರೂ ಮನೆ ಬೇಕೇ ಬೇಕಿತ್ತು. ಅವನಿಗೆ ಹೊಸದಾಗಿ ಕೆಲಸ ಸಿಕ್ಕಿದ್ದು ನಂಜನಗೂಡಿನ ಕಾರ್ಖಾನೆಯಲ್ಲಿ. ಮೂಗೂರಿನಿಂದ ನರಸೀಪುರಕ್ಕೊಂದು ಬಸ್ಸು, ಅಲ್ಲಿಂದ ನಂಜನಗೂಡಿಗೆ ಇನ್ನೊಂದು. ಅವನು ಹೊರಡುವಾಗ ಮಗಳು ಕವನ ನಿದ್ದೆಯಲ್ಲಿ, ಬರುವಾಗಲೂ ನಿದ್ದೆಯಲ್ಲಿ. ಹೋದ ಭಾನುವಾರ ಅವಳು ಅಜ್ಜಿಯ ಸೆರಗಿನ ಹಿಂದೆ ನಿಂತು, "ಅಪ್ಪ, ಇವತ್ತು ಇರ್ತೀಯಾ?" ಎಂದು ನೆಂಟರನ್ನು ಕೇಳುವಂತೆ ಕೇಳಿದಳು. ಹೀಗೇ ಆದರೆ ಮಗಳು ತನಗೆ ಬೇರೆಯವಳಾಗಿಬಿಡುತ್ತಾಳೆ ಎಂಬ ಭಯ ಅಂದಿನಿಂದ ಅವನನ್ನು ಬಿಡಲಿಲ್ಲ.

ಒಂದು ಸಂಜೆ ಶಿಫ್ಟ್ ಮುಗಿಸಿ, ಇನ್ನೆರಡು ಕಡೆ ಇಲ್ಲವೆನ್ನಿಸಿಕೊಂಡು, ಸುಮ್ಮನೆ ನಡೆಯುತ್ತಾ ಹಳೆಯ ಗಿರಣಿಯ ಹಿಂದಿನ ಬೀದಿಗೆ ಬಂದ. ಅವನು ಚಿಕ್ಕಂದಿನಲ್ಲಿ ಇದ್ದ ಲೈನ್ ಮನೆಗಳು ಅಲ್ಲಿ ಹಾಗೇ ಇದ್ದವು! ಒಂದೇ ಉದ್ದದ ಚಾವಣಿಯ ಕೆಳಗೆ ಆರು ಮನೆ. ಚಾಮಯ್ಯ ಗಿರಣಿಯಲ್ಲಿದ್ದಾಗ ಮೂರನೆಯದು ಅವರದಾಗಿತ್ತು. ಗಿರಣಿ ಮುಚ್ಚಿ ಮೂಗೂರಿಗೆ ಹಿಂತಿರುಗಿದಾಗ ಮಾದು ಬಸ್ಸಿನಲ್ಲಿ ದಾರಿಯುದ್ದಕ್ಕೂ ಅತ್ತಿದ್ದ. ಬಾಳಿನಲ್ಲಿ ಆ ಮನೆಯಲ್ಲಿದ್ದಂಥ ಸುಖದ ದಿನ ಮತ್ತೆ ಬರಲಿಲ್ಲ ಎಂದು ಅವನು ಈಗಲೂ ಹೇಳುತ್ತಾನೆ.

ಅಂಗಳದ ನಡುವೆ ಆರು ಮನೆಗೂ ಸೇರಿ ಒಂದೇ ನಲ್ಲಿ ಇತ್ತು. ಅಪ್ಪ ರಾತ್ರಿ ಪಾಳಿಗೆ ಹೋಗಿರುತ್ತಿದ್ದ. ಇನ್ನೂ ಬೆಳಕು ಹರಿಯುವ ಮುಂಚೆ ಅವ್ವ ಅವನನ್ನು ಎಬ್ಬಿಸಿ, ಕಂಬಳಿ ಸುತ್ತಿ, ಒಂದು ಸೊಂಟದಲ್ಲಿ ಅವನು, ಇನ್ನೊಂದರಲ್ಲಿ ಬಿಂದಿಗೆ ಇಟ್ಟುಕೊಂಡು ಹೋಗುತ್ತಿದ್ದಳು. ಊರೆಲ್ಲ ಮಲಗಿರುವಾಗ ನಲ್ಲಿಯ ಬಳಿ ಅವರಿಬ್ಬರೇ. ಅವ್ವ ಕಿವಿಯಲ್ಲಿ ಪಿಸುಗುಟ್ಟುತ್ತಾ ಕತೆ ಹೇಳುತ್ತಿದ್ದಳು. ತಣ್ಣನೆಯ ನೀರು ಮುಖಕ್ಕೆ ಚಿಮುಕಿಸಿದರೆ ಕಿಲಕಿಲ ನಗುವ ಅವನ ಬಾಯಿ ಮುಚ್ಚಿ ತಾನೂ ನಗುತ್ತಿದ್ದಳು.

ಅದೇ ಮೂರನೆಯ ಮನೆಗೆ ಬೀಗ ಹಾಕಿ, 'ಬಾಡಿಗೆಗೆ ಇದೆ' ಎಂದು ಬೋರ್ಡು ತೂಗುಹಾಕಿದ್ದರು. ಲೈನಿನ ಈಗಿನ ಒಡತಿ ಶಿವರಂಜನಿ ಕೊನೆಯ ಮನೆಯಲ್ಲೇ ಇದ್ದಳು. ಯಾಕೆ ಮತ್ತೆ ಎಳೆದಾಡಿಸಿಕೊಳ್ಳಬೇಕೆಂದು ಮಾದು ತಾನೇ ಮೊದಲು ಎಲ್ಲ ಹೇಳಿಬಿಟ್ಟ.

"ನೀವು ಬೌದ್ಧರಾ? ಅಂದ್ರೆ ಆಷಾಢ ಇಲ್ಲ ತಾನೆ?" ಶಿವರಂಜನಿಯ ಮುಖ ಅರಳಿತು. "ಯುಗಾದಿಯಿಂದ ಖಾಲಿ ಬಿದ್ದದೆ ಕಣ್ರೀ. ಬರೋ ಭಾನುವಾರನೇ ಬಂದ್ಬುಡಿ."

ಬಾಡಿಗೆ ಅವನ ಕೈಗೆ ಎಟುಕುವಂತಿತ್ತು, ಕಾರ್ಖಾನೆಗೆ ಸೈಕಲ್ಲಿನಲ್ಲೇ ಹೋಗಬಹುದಿತ್ತು. ಹೆಂಡತಿ ರೋಜಾಳಿಗೆ ಫೋನಿನಲ್ಲಿ ಹೇಳಿದ. ಅವ್ವನಿಗೆ ಮಾತ್ರ ಯಾವ ಮನೆಯೆಂದು ಬಾಯಿ ಬಿಡಲಿಲ್ಲ. ನೋಡಿ ಹಿರಿಹಿರಿ ಹಿಗ್ಗಲಿ ಎಂಬ ಆಸೆ.

ಭಾನುವಾರ ಹಾಲುಕ್ಕಿಸಲು ಪಾತ್ರೆ ಪಡಗ ಹಿಡಿದು ಎಲ್ಲರೂ ಆಟೋದಿಂದ ಇಳಿದರು. ಬುದ್ಧನ ಮನೆಯವರಾದರೂ ಹಾಲುಕ್ಕಿಸುವುದನ್ನು ಬಿಟ್ಟವರಲ್ಲ. ಕವನ ಓಡಿ ಒಳಗೆ ಹೋದಳು, ರೋಜಾಳೂ ಹೋದಳು. ಅವ್ವ ಮಂಚಮ್ಮ ಅಂಗಳಕ್ಕೆ ಕಾಲಿಟ್ಟವಳು ಅಲ್ಲೇ ನಿಂತುಬಿಟ್ಟಳು.

"ಯಾಕವ್ವ? ಆಸಾಡ ಅಂತಾನಾ?"

"ಆಸಾಡನೂ ಇಲ್ಲ, ಪಾಸಾಡನೂ ಇಲ್ಲ ಕಣ್ಲಾ. ಲೋಕದಾಗೆ ನಿಂಗೆ ಬೇರೆ ಮನೆ ಸಿಗ್ಲಿಲ್ವಾ?"

"ನಾವು ಎಷ್ಟು ಚೆಂದಾಗಿದ್ವಲ್ಲವ್ವ ಇಲ್ಲಿ! ಕತ್ಲಲ್ಲಿ ನೀರಿಗೆ ಓಗ್ತಿದ್ದದ್ದು, ನೀನು ಕತೆ ಏಳ್ತಿದ್ದದ್ದು..."

ಮಂಚಮ್ಮ ಮಗನ ಮುಖವನ್ನೇ ನೋಡಿದಳು.

"ಬೆಳಕಲ್ಲಿ ನೀರಿಗೆ ಓದ್ರೆ ನಾನು ಮುಟ್ಟಿದ ನಲ್ಲೀನ ಅಕ್ಕಪಕ್ಕದೋರು ಉಣಸೆಹಣ್ಣು ಆಕಿ ಉಜ್ಜೋರು ಕಣಪ್ಪ. ಅದು ನಿನ್ ಕಣ್ಣಿಗೆ ಬೀಳ್ಬಾರ್ದು ಅಂತ, ಯಾರೂ ಏಳೋಕ್ ಮುಂಚೆ ಓಗ್ತಿದ್ದೆ. ನೀನು ನಕ್ರೆ ಯಾರಾದ್ರೂ ಎದ್ಬುಡ್ತಾರೆ ಅಂತ ಬಾಯಿ ಮುಚ್ತಿದ್ದೆ."

ಇಷ್ಟು ವರ್ಷ ಎದೆಯಲ್ಲಿಟ್ಟು ಸಾಕಿದ ಸುಖವೆಲ್ಲ ಅವ್ವನ ಸಂಕಟವಾಗಿತ್ತೆಂದು ತಿಳಿದು ಮಾದುವಿಗೆ ಅಳು ಒತ್ತರಿಸಿ ಬಂತು. "ಬ್ಯಾಡ ನಡಿಯವ್ವ, ಬೇರೆ ಕಡೆ ನೋಡ್ತೀನಿ" ಎಂದ.

ಒಳಗಿನಿಂದ ಕವನ, "ಅಪ್ಪ, ನಾಳೆಯಿಂದ ನೀನು ದಿನಾ ಮನೇಗ್ ಬತ್ತೀಯಾ?" ಎಂದು ಕೂಗಿದಳು.

ಮಂಚಮ್ಮ ಮೊಮ್ಮಗಳಿದ್ದ ಕಡೆ ನೋಡಿದಳು. ಸೆರಗು ಬಿಗಿದು ಸಿಕ್ಕಿಸಿಕೊಂಡಳು. "ಎಲ್ಲೂ ಓಗಾದು ಬ್ಯಾಡ. ಆದ್ರೆ ಈಗ್ಲೇ ಆಲು ಉಕ್ಕಿಸ್ಬ್ಯಾಡಿ. ಮಟಮಟ ಮಧ್ಯಾನ ಆಗ್ಲಿ. ಬಾಗ್ಲು ತೆಗ್ದೇ ಇರ್ಲಿ. ಐದು ಮನೇಗೂ ನಾನೇ ಕೊಟ್ಟು ಬತ್ತೀನಿ."

ನೆತ್ತಿಯ ಮೇಲೆ ಬಿಸಿಲು ಬಂದಾಗ ಹಾಲು ಉಕ್ಕಿತು. ರೋಜಾ ಸಕ್ಕರೆ ಹಾಕಿ ಲೋಟಗಳಿಗೆ ಹೊಯ್ದಳು. ಮಂಚಮ್ಮ ಒಂದು ಲೋಟ ಹಿಡಿದು ಪಕ್ಕದ ಮನೆಯ ಬಾಗಿಲು ತಟ್ಟಿದಳು. "ಮೂರ್ನೇ ಮನೇವ್ರು ಕಣವ್ವ. ಮೊದ್ಲೂ ಇಲ್ಲೇ ಇದ್ವಿ. ಚಾಮಯ್ಯನ ಎಂಡ್ತಿ ನಾನು" ಎಂದಳು. ಮಾದು ಹೊಸ್ತಿಲಲ್ಲಿ ನಿಂತು ನೋಡುತ್ತಿದ್ದ.

ಬಾಗಿಲು ತೆರೆದ ಹೆಂಗಸು ಒದ್ದೆ ಕೈಯನ್ನು ಸೀರೆಗೆ ಒರೆಸಿಕೊಂಡು ಲೋಟ ಈಸಿಕೊಂಡಳು. ಅಲ್ಲೇ ನಿಂತು, ಎತ್ತಿ ಕುಡಿಯದೆ ಲೋಟಕ್ಕೆ ತುಟಿ ತಾಗಿಸಿಯೇ, ತಳ ಕಾಣುವವರೆಗೂ ಕುಡಿದಳು.

"ಸಕ್ರೆ ಒಸಿ ಕಮ್ಮಿ ಆಗದೆ ಕಣಮ್ಮೋ" ಎಂದಳು.

ಮಂಚಮ್ಮನ ಕಣ್ಣಲ್ಲಿ ದಳದಳ ನೀರಿಳಿಯಿತು.

"ಆಗ್ಲಿ ಬುಡವ್ವ, ನಾಳೆ ಕಾಪಿಗೆ ಸರ್ಯಾಗಿ ಆಕ್ತೀನಿ, ಬಾ" ಎಂದಳು.