ಗಾಜಿನ ತಟ್ಟೆಯ ಕೋಶಗಳು

"ಸೂಜಿ ತೆಗೀರಿ," ಎಂದಳು ಮೌನಿಕಾ.

ನರ್ಸ್ ಡಾಕ್ಟರ ಮುಖ ನೋಡಿದಳು. ಮಂಚದ ಮೇಲೆ ಮೌನಿಕಾಳ ತಂದೆ ಮುನಿಯಲ್ಲಪ್ಪ ಮಲಗಿದ್ದ. ತಿಳಿಹಳದಿ ನೀರು ಬಾಟಲಿಯಿಂದ ಅವನ ಕೈಗೆ ಇಳಿಯುತ್ತಿತ್ತು. ಕರುಳಿನ ಕ್ಯಾನ್ಸರ್‌ಗೆ ಬೆಂಗಳೂರಿನಲ್ಲಿ ಆಪರೇಷನ್ ಆಗಿ ನಾಲ್ಕು ತಿಂಗಳಾಗಿತ್ತು. ಮೊದಲ ಕೆಲವು ಕೀಮೋ ಹಾಕಿಸಿಕೊಂಡಿದ್ದವನು, ಕಳೆದ ಎರಡು ಸಲವೂ ತನ್ನೂರು ಹುತ್ತೂರಿನಿಂದ ಬೆಂಗಳೂರಿಗೆಂದು ಹೊರಟು ಕೋಲಾರದಲ್ಲೇ ಇಳಿದಿದ್ದ. ಯಾಕೆ ಬರುತ್ತಿಲ್ಲವೆಂದು ಆಸ್ಪತ್ರೆಯವರು ಆ ಬೆಳಿಗ್ಗೆ ಮೌನಿಕಾಗೆ ಫೋನ್ ಮಾಡಿದ್ದರು. ತಾಯಿಯನ್ನು ಗದರಿಸಿ ಕೇಳಿದಾಗ ಈ ಕ್ಲಿನಿಕ್ಕಿನ ಹೆಸರು ಹೊರಬಿದ್ದಿತ್ತು.

"ಗಾಬರಿ ಆಗ್ಬೇಡಿ ಮೇಡಂ." ಡಾಕ್ಟರ್ ಶ್ರೀಧರ್ ಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿದ್ದ ಸಂಶೋಧನಾ ಲೇಖನ ತೋರಿಸಿದ. "ಹೈ ಡೋಸ್ ವಿಟಮಿನ್ ಸಿ. ಕರುಳಿನ ಕ್ಯಾನ್ಸರ್ ಕೋಶಗಳು ಸಾಯ್ತವೆ ಅಂತ ಪ್ರೂವ್ ಆಗಿದೆ."

"ಎಲ್ಲಿ ಸತ್ತಿದ್ದು? ಲ್ಯಾಬಿನ ಗಾಜಿನ ತಟ್ಟೇಲಿ. ಆಮೇಲೆ ಇಲೀಲಿ. ಮೊದಲನೇ ಪುಟದಲ್ಲೇ ಇದೆ, ನೀವು ಓದಿಲ್ಲ. ಕೀಮೋ ಬಿಟ್ಟು ಇದನ್ನ ಹಾಕಿಸ್ಕೊಳ್ಳಿ ಅಂತ ಯಾವ ಸಾಲಲ್ಲಿದೆ, ತೋರಿಸಿ."

"ಬಿಡಿ ಅಂತ ನಾನು ಹೇಳಿಲ್ಲ. ನಿಮ್ಮ ತಂದೇನೇ ಬಂದು ಕೇಳಿದ್ದು. ಮಗಳು ಕಾಲೇಜಲ್ಲಿ ಪಾಠ ಮಾಡ್ತಾಳೆ, ಅವಳೇ ಹೇಳಿದ್ಳು ಅಂದ್ರು."

ಅವಳಿಗೆ ನೆನಪಾಯಿತು. ಆಪರೇಷನ್ನಿಗೆ ಮೊದಲು ಒಂದು ದಿನ ಊಟಕ್ಕೆ ಕೂತಾಗ ತಾನೇ ಉತ್ಸಾಹದಿಂದ ವಿವರಿಸಿದ್ದಳು. ಕೆಲವು ಕ್ಯಾನ್ಸರ್ ಕೋಶಗಳಿಗೆ ಸಕ್ಕರೆಯ ಹಸಿವು ಹೆಚ್ಚು. ರೂಪ ಬದಲಿಸಿದ ವಿಟಮಿನ್ ಸಿಯನ್ನು ಸಕ್ಕರೆ ಬರುವ ದಾರಿಯಲ್ಲೇ ಒಳಗೆ ಬಿಟ್ಟುಕೊಂಡು ಸಾಯುತ್ತವೆ. ಅಪ್ಪ ಮುದ್ದೆ ಮುರಿಯುವುದನ್ನು ನಿಲ್ಲಿಸಿ ಕೇಳಿಸಿಕೊಂಡಿದ್ದ. ಮನುಷ್ಯರಲ್ಲಿ ಅದಿನ್ನೂ ಸಾಬೀತಾಗಿಲ್ಲ ಎಂದು ಹೇಳುವ ಮೊದಲೇ ಯಾರದೋ ಫೋನ್ ಬಂದು ಅವಳು ಎದ್ದುಹೋಗಿದ್ದಳು.

ಸಿಟ್ಟು ಇಳಿಯಲಿಲ್ಲ. ಅಪ್ಪನ ಕಡೆ ತಿರುಗಿತು.

"ನನ್ನನ್ನ ಒಂದು ಮಾತು ಕೇಳೋಕೆ ಏನಾಗಿತ್ತು ನಿಂಗೆ?"

ಮುನಿಯಲ್ಲಪ್ಪ ಸೂರು ನೋಡುತ್ತ ಹೇಳಿದ. "ಬೆಂಗಳೂರಲ್ಲಿ ಆ ಔಷಧಿ ಹಾಕಿದ್ಮೇಲೆ ಬೆರಳೆಲ್ಲ ಜೋಮು ಹಿಡಿದವೆ ಕಣಮ್ಮ. ಹಿಪ್ಪುನೇರಳೆ ಸೊಪ್ಪು ಕೊಯ್ಯಕಾಗಲ್ಲ. ರೇಷ್ಮೆ ಹುಳ ಕೈಲಿ ಹಿಡಿದ್ರೂ ಹಿಡಿದಂಗೆ ಗೊತ್ತಾಗಲ್ಲ. ನಿಮ್ಮಮ್ಮ ಒಬ್ಳೇ ಹುಳ ಆಯ್ತಾ ಕೂತಿರ್ತಾಳೆ. ನಾನು ಇದ್ದೂ ಇಲ್ದಂಗೆ."

"ಅದನ್ನ ಆಸ್ಪತ್ರೇಲಿ ಹೇಳಿದ್ರೆ ಡೋಸ್ ಕಮ್ಮಿ ಮಾಡ್ತಿದ್ರು. ಔಷಧಿ ಬದಲಾಯಿಸ್ತಿದ್ರು. ಹೇಳಿದ್ಯಾ?"

"ಎಲ್ರಿಗೂ ಹಂಗೇ ಆಗ್ತದೆ ಅನ್ಕೊಂಡೆ."

ಅವಳಿಗೆ ಕೂಗಬೇಕೆನಿಸಿತು. ಬದಲಿಗೆ ನರ್ಸ್‌ಗೆ ಸೂಜಿಯ ಕಡೆ ಬೆರಳು ತೋರಿಸಿದಳು. ನರ್ಸ್ ಮೆಲ್ಲಗೆ ಸೂಜಿ ಎಳೆದು ಹತ್ತಿ ಒತ್ತಿದಳು.

"ಇನ್ನೂ ಅರ್ಧ ಬಾಟಲಿ ಇದೆ," ಎಂದ ಡಾಕ್ಟರ್.

"ನೀವೇ ಹಾಕ್ಕೊಳ್ಳಿ."

ಅಲ್ಲೇ ನಿಂತು ಬೆಂಗಳೂರಿಗೆ ಫೋನ್ ಮಾಡಿದಳು. ನಾಳೆ ಬೆಳಿಗ್ಗೆ ಕರೆತನ್ನಿ, ಮತ್ತೆ ಸ್ಕ್ಯಾನ್ ಮಾಡಿ ನೋಡಬೇಕು ಎಂದರು. ಎರಡು ಸಲ ಕೀಮೋ ತಪ್ಪಿದ್ದರಿಂದ ತೊಂದರೆಯಾಗುತ್ತದೆಯೇ ಎಂದು ಅವಳು ಕೇಳಿದ್ದಕ್ಕೆ ಆ ಕಡೆಯ ದನಿ, "ನೋಡೋಣ," ಎಂದಿತು.

ಮುನಿಯಲ್ಲಪ್ಪ ಎದ್ದು ಅಂಗಿ ತೊಟ್ಟ. ಗುಂಡಿ ಬೆರಳಿಗೆ ಸಿಗಲಿಲ್ಲ. ಮೌನಿಕಾ ಅವನ ಕೈ ಸರಿಸಿ, ಮುಖ ನೋಡದೆ, ಒರಟಾಗಿ ಒಂದೊಂದೇ ಹಾಕುತ್ತ ಬಂದಳು. ಕೊನೆಗೆ ಒಂದು ಗುಂಡಿ ಉಳಿಯಿತು, ಅದಕ್ಕೆ ಕಾಜ ಇರಲಿಲ್ಲ. ಎಲ್ಲವನ್ನೂ ಬಿಚ್ಚಿ ಮೇಲಿನಿಂದ ಮತ್ತೆ ಶುರು ಮಾಡಿದಳು. ಅವನು ಗಲ್ಲ ಮೇಲೆತ್ತಿ ನಿಂತುಕೊಂಡ.