ಕುಕ್ಕರ್ ಹೊತ್ತು ಟ್ರಿನಿಡಾಡಿಗೆ

ಅಮೆರಿಕದ ಹರ್ನ್‌ಡನ್ ಊರಿನಲ್ಲಿ ಶೇಷಾದ್ರಿಯಷ್ಟು ಮುಂಜಾಗ್ರತೆಯ ಮನುಷ್ಯ ಇನ್ನೊಬ್ಬನಿರಲಿಲ್ಲ. 2020ರ ಫೆಬ್ರವರಿಯಲ್ಲಿ, ಪ್ರೆಸಿಡೆಂಟ್ಸ್ ಡೇ ರಜೆಗೆ ಹೆಂಡತಿ ಮೈಥಿಲಿಯ ಜೊತೆ ಟ್ರಿನಿಡಾಡ್ ದ್ವೀಪಕ್ಕೆ ಹೊರಟಾಗ ಒಂದು ಸೂಟ್‌ಕೇಸಿನ ತುಂಬ ಬಟ್ಟೆ, ಇನ್ನೊಂದರ ತುಂಬ ರೈಸ್ ಕುಕ್ಕರ್, ಸೋನಾ ಮಸೂರಿ, ಪುಳಿಯೋಗರೆ ಗೊಜ್ಜು, ಚಟ್ನಿಪುಡಿ. ಸಸ್ಯಾಹಾರಿಗಳಿಗೆ ಅಲ್ಲಿ ಏನೂ ಸಿಗುವುದಿಲ್ಲ ಎಂದು ಯಾರೋ ವಾಟ್ಸ್ಆ್ಯಪ್ ಗ್ರೂಪಿನಲ್ಲಿ ಬರೆದಿದ್ದರು. ಬರೆದ ಪುಣ್ಯಾತ್ಮರು ಆ ಕಡೆ ತಲೆ ಹಾಕಿಯೂ ಮಲಗಿರಲಿಲ್ಲ ಎಂಬುದು ಆಮೇಲೆ ತಿಳಿಯಿತು.

ಸಿಗದೆ ಏನು. ಹೋಟೆಲಿನ ಎದುರಿನ ಫುಟ್‌ಪಾತಿನಲ್ಲೇ ಬೆಳಗ್ಗೆ ಆರಕ್ಕೆ ತಳ್ಳುಗಾಡಿಯ ಮುಂದೆ ಜನ ನಿಂತಿರುತ್ತಿದ್ದರು. ಭಾರತ ಮೂಲದವರು, ಆಫ್ರಿಕ ಮೂಲದವರು, ಚೀನೀಯರು, ಬ್ಯಾಂಕಿನ ಮ್ಯಾನೇಜರು, ಟ್ಯಾಕ್ಸಿಯವನು, ಎಲ್ಲರಿಗೂ ಒಂದೇ ಸಾಲು. ಅರಿಶಿನ ಹಾಕಿ ಕರಿದ ಎರಡು ಮೆತ್ತನೆಯ ಪೂರಿ, ನಡುವೆ ಬೆಂದ ಕಾಬೂಲಿ ಕಡಲೆ, ಮೇಲೆ ಹುಣಸೆ ಚಟ್ನಿ. ಹೆಸರು ಡಬಲ್ಸ್. ಬೆಲೆ ಒಂದು ಡಾಲರಿಗೂ ಕಡಿಮೆ. ಕುಕ್ಕರಿನ ಸೂಟ್‌ಕೇಸಿಗೆ ವಿಮಾನದವರು ಕಿತ್ತುಕೊಂಡ ದುಡ್ಡಿನಲ್ಲಿ ಗಂಡ ಹೆಂಡತಿ ಇಬ್ಬರೂ ವಾರವಿಡೀ ತಿನ್ನಬಹುದಿತ್ತು.

ಮೈಥಿಲಿಯ ಮೂಗು ಸಾಮಾನ್ಯದ್ದಲ್ಲ. ನೈವೇದ್ಯವಾಗುವ ಮುಂಚೆ ಅಡಿಗೆಯನ್ನು ಬಾಯಿಗೆ ಹಾಕಬಾರದೆನ್ನುವ ಮನೆಯಲ್ಲಿ ಬೆಳೆದವಳು. ಕುದಿಯುವ ಸಾರಿನ ಹಬೆ ಮೂಸಿಯೇ ಉಪ್ಪು ಸಾಲದು ಎಂದು ಹೇಳಿಬಿಡುತ್ತಿದ್ದಳು. ಗಾಡಿಯಿಂದ ನಾಲ್ಕು ಮಾರು ದೂರ ನಿಂತು, "ರೀ, ಜೀರಿಗೆ ಹುರಿದು ಹಾಕಿದಾರೆ. ಇನ್ನೇನೋ ಸೊಪ್ಪಿದೆ, ಕೊತ್ತಂಬರಿ ಥರ, ಆದ್ರೆ ಕೊತ್ತಂಬರಿ ಅಲ್ಲ. ಒಂದೊಂದು ಟ್ರೈ ಮಾಡೋಣ್ವಾ?" ಎಂದಳು.

"ಏನ್ ಮಹಾ, ಪೂರಿ, ಕಡ್ಲೆ ಉಸ್ಲಿ ಅಷ್ಟೆ. ಯಾವ ಎಣ್ಣೇಲಿ ಕರಿದ್ರೋ ಏನೋ. ರೂಮಲ್ಲಿ ಪುಳಿಯೋಗ್ರೆ ಕಲಸಿಟ್ಟಿದೀನಿ, ಬಾ."

ಗಾಡಿಯ ಹೆಂಗಸಿಗೆ ಮೈಥಿಲಿಯ ಮುಖ ನೋಡಿಯೇ ಎಲ್ಲ ಅರ್ಥವಾಗಿರಬೇಕು. ಒಂದನ್ನು ಕಾಗದದಲ್ಲಿ ಸುತ್ತಿ, ದುಡ್ಡು ಬೇಡ ಎಂದು ಕೈ ಚಾಚಿದಳು. ಶೇಷಾದ್ರಿ ನಯವಾಗಿ ನಕ್ಕು, ಹೆಂಡತಿಯ ಮೊಣಕೈ ಹಿಡಿದು ಕರೆದುಕೊಂಡು ನಡೆದ. ನಾಲ್ಕು ದಿನವೂ ಪುಳಿಯೋಗರೆಯೇ ಆಯಿತು. ಕೊನೆಯ ದಿನ, "ನೆಕ್ಸ್ಟ್ ಟೈಮ್ ಖಂಡಿತಾ ತಿನ್ನೋಣ, ಪ್ರಾಮಿಸ್" ಎಂದ. ಅವಳು ಕುಕ್ಕರ್ ತೊಳೆದು ಸೂಟ್‌ಕೇಸಿಗಿಟ್ಟಳು.

ಅದೇ ವರ್ಷದ ಡಿಸೆಂಬರಿನಲ್ಲಿ ಇಬ್ಬರಿಗೂ ಕೋವಿಡ್ ಬಂತು. ಅವನದು ಎರಡು ದಿನದ ಜ್ವರದಲ್ಲಿ ಮುಗಿಯಿತು. ಅವಳಿಗೆ ವಾಸನೆ ಹೋಯಿತು, ಅದರ ಹಿಂದೆಯೇ ರುಚಿಯೂ. ಒಂದು ತಿಂಗಳಲ್ಲಿ ಬರುತ್ತದೆ ಎಂದರು ಡಾಕ್ಟರು, ಆಮೇಲೆ ಒಂದು ವರ್ಷ ಎಂದರು, ಆಮೇಲೆ ಏನೂ ಹೇಳಲಿಲ್ಲ. ಈಗಲೂ ಸಾರು ಕುದಿಯುವಾಗ ಅವಳು ಹಬೆಗೆ ಮುಖವೊಡ್ಡಿ ಸುಮ್ಮನೆ ನಿಲ್ಲುತ್ತಾಳೆ, ಆಮೇಲೆ ಚಮಚದಲ್ಲಿ ಅಳೆದು ಉಪ್ಪು ಹಾಕುತ್ತಾಳೆ. ಅದನ್ನು ನೋಡಿದಾಗಲೆಲ್ಲ ಶೇಷಾದ್ರಿಗೆ ತಾನು ಹಿಡಿದೆಳೆದ ಮೊಣಕೈ ನೆನಪಾಗುತ್ತದೆ.

ಪಕ್ಕದ ಮೇರಿಲ್ಯಾಂಡ್ ರಾಜ್ಯದಲ್ಲಿ ಟ್ರಿನಿಡಾಡಿನವರ ಪುಟ್ಟ ಅಂಗಡಿಯೊಂದಿದೆ ಎಂದು ಮೊನ್ನೆ ಗೊತ್ತಾಯಿತು. ಶನಿವಾರ ಬೆಲ್ಟ್‌ವೇ ಹೆದ್ದಾರಿಯ ಟ್ರಾಫಿಕ್ಕಿನಲ್ಲಿ ಒಂದೂವರೆ ಗಂಟೆ ಡ್ರೈವ್ ಮಾಡಿ ಅವಳನ್ನು ಕರೆದುಕೊಂಡು ಹೋದ. ಕಾರಿನಲ್ಲೇ ಕೂತು ಡಬಲ್ಸ್ ಪೊಟ್ಟಣ ಬಿಚ್ಚಿದರು.

ಅವಳು ಒಂದು ತುತ್ತು ತಿಂದು, "ಮೆತ್ತಗಿದೆ. ಬಿಸಿ ಇದೆ" ಎಂದಳು. ಇನ್ನೊಂದು ತುತ್ತು ತಿಂದು, ಉಳಿದದ್ದನ್ನು ಮಡಿಲಲ್ಲಿಟ್ಟುಕೊಂಡಳು.

ಅವನೂ ಕಚ್ಚಿದ. ಹುರಿದ ಜೀರಿಗೆ, ಹುಣಸೆಯ ಹುಳಿ, ಹೆಸರು ಗೊತ್ತಿಲ್ಲದ ಆ ಸೊಪ್ಪು, ಕೊನೆಗೆ ನೆತ್ತಿಗೇರುವ ಖಾರ. ಜನ್ಮದಲ್ಲಿ ಇಂಥದ್ದನ್ನು ತಿಂದಿರಲಿಲ್ಲ. ಇದು ಇಷ್ಟು ರುಚಿಯಾಗಿರಬಾರದಿತ್ತು ಎಂದುಕೊಂಡ.

"ಹೇಗಿದೆ ರೀ?"

"ಏನ್ ಮಹಾ. ಪೂರಿ, ಕಡ್ಲೆ ಉಸ್ಲಿ ಅಷ್ಟೆ."

ಅವಳು ಅವನ ಕಡೆ ತಿರುಗಿದಳು. "ಅವತ್ತು ತಿನ್ನದೇನೆ ಹಾಗಂದ್ರಿ. ಇವತ್ತು ತಿಂದಿದೀರ. ನಿಜ ಹೇಳಿ."

"ಜೀರಿಗೆ ಹುರಿದು ಹಾಕಿದಾರೆ, ಮೈಥಿಲಿ. ನೀನು ಹೇಳಿದ್ದು ಸರಿ."

"ಆ ಸೊಪ್ಪು?"

"ಅದೂ ಇದೆ. ಕೊತ್ತಂಬರಿ ಅಲ್ಲ."

ಅವಳು ಮಡಿಲಲ್ಲಿದ್ದದ್ದನ್ನೂ ಅವನ ಕೈಗಿಟ್ಟು, ಕಣ್ಣು ಮುಚ್ಚಿ ಸೀಟಿಗೆ ಒರಗಿದಳು.

"ಇದನ್ನೂ ತಿನ್ನಿ. ನಿಧಾನಕ್ಕೆ ತಿಂದು, ಹೇಳ್ತಾ ಹೋಗಿ."