ಎದುರು ಗೇಟಿನಿಂದ

ಆಫೀಸಿನಲ್ಲಿ ಅವಳಿಗೆ ಹುಳುಕಮ್ಮ ಎಂದೇ ಹೆಸರು. ಎದುರಿಗೇ ಹಾಗೆ ಕರೆಯುತ್ತಿದ್ದರು, ಅವಳೂ ಓಗೊಡುತ್ತಿದ್ದಳು. ಕಂಪನಿ ತಯಾರಿಸಿದ ವಿಡಿಯೊ ಗೇಮನ್ನು ಮಾರಾಟಕ್ಕೆ ಬಿಡುವ ಮೊದಲು ಆಡಿ, ಎಲ್ಲೆಲ್ಲಿ ಹುಳುಕಿದೆ ಎಂದು ಬರೆದುಕೊಡುವುದು ಅವಳ ಕೆಲಸ. ಆಟ ಆಡಿದ್ದಕ್ಕೆ ಸಂಬಳ ಕೊಡ್ತಾರಾ ಎಂದು ಕಣ್ಣರಳಿಸುವ ನೆಂಟರಿಗೆ ಏನು ಹೇಳುವುದು? ಒಂದೇ ಗೋಡೆಯನ್ನು ಹನ್ನೊಂದು ತಿಂಗಳು ಹತ್ತಿ ಇಳಿದವರಿಗೆ ಗೊತ್ತು ಅದರ ಸುಖ.

ಈ ಸಲದ್ದು ಕಳ್ಳನ ಆಟ. ಕೋಟೆಯಂಥ ಬಂಗಲೆಗೆ ಕತ್ತಲಲ್ಲಿ ನುಸುಳಿ, ಕಾವಲುಗಾರರ ಕಣ್ಣು ತಪ್ಪಿಸಿ, ಒಳಕೋಣೆಯ ಪೆಟ್ಟಿಗೆಯಿಂದ ಒಂದು ನಕ್ಷೆ ಕದ್ದು ತರಬೇಕು. ಸಿಕ್ಕಿಬಿದ್ದರೆ ಕತ್ತಿ ಹಿರಿದು ಹೊಡೆದಾಡಬೇಕು. ಭಾನುವಾರ ಮಧ್ಯಾಹ್ನ ಅವಳು ಮನೆಯ ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್ ಹರಡಿಕೊಂಡು ಕೊನೆಯ ವರದಿ ಬರೆಯುತ್ತಿದ್ದಳು. ಸೋಮವಾರ ಅದನ್ನು ಕೊಟ್ಟರೆ ಆಟ ಬಿಡುಗಡೆಗೆ ಹೋಗುತ್ತದೆ. ಬುಧವಾರ ಅಪ್ಪನ ಕಣ್ಣಿನ ಪೊರೆ ತೆಗೆಸುವುದು.

ಇದು ಮೂರನೆಯ ಸಲ ಗೊತ್ತು ಮಾಡಿದ ದಿನ. ಹಿಂದೆ ಎರಡು ಸಲವೂ ಆಟದಲ್ಲಿ ದೊಡ್ಡ ಹುಳುಕು ಸಿಕ್ಕಿ, 'ಯಾರಿಗೂ ರಜೆ ಇಲ್ಲ' ಎಂಬ ಚೀಟಿ ಆಫೀಸಿನ ಬಾಗಿಲಿಗೆ ಅಂಟಿತ್ತು. ಚೀಟಿ ಓದಿದವಳೇ ಅವಳು ಆಸ್ಪತ್ರೆಗೆ ಫೋನ್ ಮಾಡಿ ದಿನ ಮುಂದಕ್ಕೆ ಹಾಕಿಸಿದ್ದಳು. "ಅದಕ್ಕೇನಂತೆ, ಕಣ್ಣು ಎಲ್ಲಿಗೆ ಓಡಿಹೋಗುತ್ತೆ" ಎಂದಿದ್ದರು ಅಪ್ಪ. ಹಾಗೆ ಎಂಟು ತಿಂಗಳು ಸವೆದಿತ್ತು. ಈಗ ಅವರು ತಟ್ಟೆಯಲ್ಲಿ ಅನ್ನ ಎಲ್ಲಿದೆ ಎಂದು ಬೆರಳಿನಿಂದ ತಡಕಿ ನೋಡಿ ಉಣ್ಣುತ್ತಿದ್ದರು. ಅದನ್ನು ನೋಡಲಾಗದೆ ಅವಳು ಇತ್ತೀಚೆಗೆ ಊಟದ ಹೊತ್ತಿಗೆ ಏನಾದರೊಂದು ಕೆಲಸ ಹಚ್ಚಿಕೊಳ್ಳುತ್ತಿದ್ದಳು.

ವರದಿಯಲ್ಲಿ ಒಳ್ಳೆಯದಕ್ಕೊಂದು ಭಾಗ, ಕೆಟ್ಟದ್ದಕ್ಕೊಂದು ಭಾಗ. ದುಡಿದು ಹಣ್ಣಾಗಿದ್ದರೂ ಒಳ್ಳೆಯದನ್ನು ಅವಳು ಮನಸಾರೆ ಬರೆದಳು. ಕಳ್ಳನ ಹೆಜ್ಜೆಯ ಸದ್ದು ಹೆಂಚಿನ ಮೇಲೆ ಒಂದು ಥರ, ಜಲ್ಲಿಯ ಮೇಲೆ ಇನ್ನೊಂದು ಥರ. ದೀಪ ಆರಿಸಿದರೆ ಕಾವಲುಗಾರ ಗೊಣಗುತ್ತ ಬಂದು ಮತ್ತೆ ಹಚ್ಚುತ್ತಾನೆ. ಪರದೆಯ ಹಿಂದೆ ಉಸಿರು ಬಿಗಿಹಿಡಿದು ನಿಂತಾಗ ಅವನ ಬೂಟು ಎರಡಡಿ ದೂರದಲ್ಲಿ ಬಂದು ನಿಲ್ಲುತ್ತದಲ್ಲ, ಆಗ ಇವತ್ತಿಗೂ ಅವಳ ಎದೆ ಡವಗುಟ್ಟುತ್ತಿತ್ತು. ಕೆಟ್ಟವು ಹದಿನೆಂಟು ಸಿಕ್ಕಿದ್ದವು. ಕತ್ತಿಯ ಹೊಡೆದಾಟಕ್ಕೆ ಬುದ್ಧಿಯೇ ಬೇಡ, ಕಣ್ಣು ಮುಚ್ಚಿ ಗುಂಡಿ ಕುಟ್ಟಿದರೂ ಗೆಲುವು. ಜೊತೆಯವನ ಹೆಣ ಕಂಡ ಕಾವಲುಗಾರ ಅರ್ಧ ನಿಮಿಷ ಹುಡುಕಾಡಿ 'ಇಲಿ ಇರಬೇಕು' ಎಂದು ಹೊರಟುಬಿಡುತ್ತಾನೆ; ಕತ್ತಿ ಹಿಡಿಯುವ ಆ ಇಲಿ ಯಾವುದೋ. ಸತ್ತರೆ ಇಪ್ಪತ್ತು ನಿಮಿಷದ ಆಟ ಮಣ್ಣುಪಾಲು. ಎಲ್ಲ ಬೇಜಾರಿನವೇ, ಆದರೆ ಸಣ್ಣಪುಟ್ಟವು. ಅಷ್ಟಕ್ಕೆಲ್ಲ ಬಿಡುಗಡೆ ನಿಲ್ಲುವುದಿಲ್ಲ.

'ಮೊದಲ ಸಲ ಆಡುವವರಿಗೆ ಹೇಗನ್ನಿಸುತ್ತದೆ' ಎಂಬ ಕಡೆಯ ಜಾಗ ಮಾತ್ರ ಖಾಲಿ ಇತ್ತು. ಆಫೀಸಿನಲ್ಲಿ ಎಲ್ಲರಿಗೂ ಆಟ ಬಾಯಿಪಾಠವಾಗಿ ಕೂತಿತ್ತು. ಹೊಸಬರನ್ನು ಎಲ್ಲಿಂದ ತರುವುದು?

"ಕೊಡು ಇಲ್ಲಿ, ನಾನೂ ನೋಡ್ತೀನಿ" ಎಂದರು ಪಕ್ಕದಲ್ಲಿ ಸುಮ್ಮನೆ ಕೂತು ಬೇಸತ್ತಿದ್ದ ಅಪ್ಪ.

"ಏನಾದ್ರೂ ಕಾಣಿಸುತ್ತಾ ಅಪ್ಪಾ?"

"ಎಲ್ಲಾ ಮಸಿ ಬಳಿದ ಹಾಗಿದೆ. ಮಧ್ಯದಲ್ಲಿ ಅದೇನೋ ಬೆಳಕು."

"ಅದು ಗೇಟಿನ ದೀಪ. " ಅವಳು ಜಾಯ್‌ಸ್ಟಿಕ್ಕನ್ನು ಅವರ ಕೈಗಿಟ್ಟಳು. "ಈ ಕಡ್ಡೀನ ಮೆಲ್ಲಗೆ ಮುಂದಕ್ಕೆ ತಳ್ಳಿದ್ರೆ ಕಳ್ಳ ನಡೀತಾನೆ. ಆಡ್ತಿರಿ, ಟೀ ಮಾಡ್ಕೊಂಡು ಬರ್ತೀನಿ."

ಅಪ್ಪನನ್ನು ಮೊದಲ ಕಾವಲುಗಾರನೇ ಮುಗಿಸುತ್ತಾನೆ ಎಂದು ಅವಳ ಲೆಕ್ಕ. ಟೀ ಕುದಿದು, ಸೋಸಿ, ಲೋಟ ಹಿಡಿದು ಬಂದು ನೋಡಿದರೆ ಲ್ಯಾಪ್‌ಟಾಪಿನ ಪರದೆಯ ಮೇಲೆ ಒಳಕೋಣೆ.

"ಪುಟ್ಟೀ, ಇಲ್ಲೇನೋ ಅಡ್ಡ ಇದೆ ನೋಡು. ಮುಂದೆ ಹೋಗೋಕೇ ಬಿಡ್ತಿಲ್ಲ."

ಅಡ್ಡ ಇದ್ದದ್ದು ನಕ್ಷೆಯ ಪೆಟ್ಟಿಗೆ. ಅವಳು ಲೋಟವನ್ನು ಮೇಜಿನ ಮೇಲಿಟ್ಟು ಪರದೆಗೆ ಬಗ್ಗಿದಳು.

"ಹೇಗೆ ಬಂದ್ರಿ ಇಲ್ಲಿಗೆ?"

"ಹೇಗೆ ಅಂದ್ರೆ? ಗೇಟಿನಿಂದ. ಒಂದು ದೀಪ ಆದ್ಮೇಲೆ ಇನ್ನೊಂದು ದೀಪ ಕಾಣ್ತಿತ್ತು, ಅದರ ಕಡೆಗೇ ನಡೆದೆ. ಪಕ್ಕದಲ್ಲಿ ಯಾರೋ ಕೆಮ್ಮಿದ್ರು. ಯಾರೂ ಏನೂ ಕೇಳಲಿಲ್ಲಪ್ಪ."

ಅವಳು ಆಟವನ್ನು ಮೊದಲಿನಿಂದ ಶುರು ಮಾಡಿ ತಾನೇ ಎದುರು ಗೇಟಿನಿಂದ ನಡೆದಳು. ಏಳು ನಿಮಿಷ. ಇನ್ನೊಮ್ಮೆ ನಡೆದಳು, ಏಳೇ ನಿಮಿಷ. ಆರು ಗಂಟೆ ಆಡಬೇಕಾದ ಆಟ. ಕಾರಣ ಹೊಳೆಯಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ಬರಿಗೈಯಲ್ಲಿ ನೆಟ್ಟಗೆ ಮೆಲ್ಲಗೆ ನಡೆದು ಬರುವವರು ಬಂಗಲೆಯ ಆಳುಗಳು, ಅವರನ್ನು ತಡೆಯಬೇಡಿ ಎಂದು ಆಟ ಕಟ್ಟಿದವರು ಕಾವಲುಗಾರರಿಗೆ ಕಲಿಸಿದ್ದರು. ಇಲ್ಲದಿದ್ದರೆ ಅವರು ಅಡುಗೆಯವನನ್ನೇ ಕೊಚ್ಚುತ್ತಿದ್ದರು. ಕಳ್ಳನೂ ಹಾಗೆ ನಡೆದು ಬಂದಾನು ಎಂದು ಒಬ್ಬರಿಗೂ ತೋಚಿರಲಿಲ್ಲ. ಕಳ್ಳನ ಆಟ ಎಂದ ಕೂಡಲೇ ಆಫೀಸಿಗೆ ಆಫೀಸೇ ಬಗ್ಗಿ, ಗೋಡೆ ಹಿಡಿದು ತೆವಳಿತ್ತು. ಕಣ್ಣಲ್ಲಿ ಕಣ್ಣಿಟ್ಟು ಹುಡುಕುವ ಹುಳುಕಮ್ಮನೂ ತೆವಳಿದ್ದಳು.

"ಮೂವತ್ತು ವರ್ಷ ಮನೆಮನೆಗೆ ಹೋಗಿ ಕರೆಂಟ್ ಮೀಟರ್ ಬರ್ಕೊಂಡು ಬಂದೋನು ನಾನು" ಎಂದರು ಅಪ್ಪ, ಟೀ ಹೀರುತ್ತ. "ಬಗ್ಗಿ ಬಗ್ಗಿ ಹೋಗೋನ್ನ ನಾಯೀನೂ ಬಿಡಲ್ಲ. ನೆಟ್ಟಗೆ ಗೇಟು ತೆಗೆದು ಹೋಗ್ತಿರಬೇಕು. ಬರ್ಕೊಂಡ್ಯಾ ಇದನ್ನ? ದೊಡ್ಡ ತಪ್ಪು ಅಲ್ವಾ ಇದು?"

ದೊಡ್ಡದೇ. ಬರೆದರೆ ಮತ್ತೆ ಚೀಟಿ, ಮತ್ತೆ ಬುಧವಾರ ಹೋಯಿತು. ಬರೆಯದಿದ್ದರೆ ಯಾರಿಗೂ ಗೊತ್ತಾಗುವುದಿಲ್ಲ, ಆಟ ಕೊಂಡವರಲ್ಲಿ ಯಾರೋ ಒಬ್ಬರು ಎದುರು ಗೇಟಿನಿಂದ ನಡೆದು ಊರೆಲ್ಲ ನಗುವವರೆಗೆ. ಸಂಜೆಯವರೆಗೂ ಹತ್ತೊಂಬತ್ತು ಎಂದು ಬರೆದು ಅದರ ಮುಂದೆ ಏನೂ ಬರೆಯದೆ ಕೂತಿದ್ದಳು. ಅಪ್ಪ ಮಾತ್ರ ಗೆದ್ದ ಖುಷಿಯಲ್ಲಿ ಮತ್ತೆ ಮತ್ತೆ ಕೇಳುತ್ತಿದ್ದರು, ಬರೆದ್ಯಾ, ಬರೆದ್ಯಾ ಎಂದು. ಹೂಂ ಎಂದು ಸುಳ್ಳು ಹೇಳುವುದಕ್ಕಿಂತ ಬರೆಯುವುದೇ ಕಡಿಮೆ ಆಯಾಸ ಅನ್ನಿಸಿ ಬರೆದುಬಿಟ್ಟಳು.

ಸೋಮವಾರ ವರದಿ ಓದಿದ ದೊಡ್ಡೋರು (ಯಜಮಾನರನ್ನು ಎಲ್ಲರೂ ಕರೆಯುತ್ತಿದ್ದದ್ದೇ ಹಾಗೆ) ಕನ್ನಡಕ ತೆಗೆದು ಕಣ್ಣುಜ್ಜಿಕೊಂಡರು. ಕಾವಲುಗಾರರಿಗೆ ಬುದ್ಧಿ ಬರೆದುಕೊಟ್ಟವನನ್ನು ಕರೆಸಿ ಆಡಿಸಿದರು. ಅವನು ಏಳು ನಿಮಿಷ ನಡೆದು, ಪೆಟ್ಟಿಗೆಯ ಮುಂದೆ ಕೈಚೆಲ್ಲಿ ಕೂತ. ಹನ್ನೆರಡರ ಹೊತ್ತಿಗೆ ಚೀಟಿ ಬಿತ್ತು. ಆರು ವಾರ, ಯಾರಿಗೂ ರಜೆ ಇಲ್ಲ.

ಅವಳು ತನ್ನ ಜಾಗಕ್ಕೆ ಬಂದು ಆಸ್ಪತ್ರೆಯ ನಂಬರು ತೆಗೆದಳು. ಎರಡು ಸಲ ಮಾಡಿದ ಕೆಲಸ, ಏನು ಹೇಳಬೇಕೆಂದು ನಾಲಿಗೆಗೇ ಗೊತ್ತಿತ್ತು. ಆ ಆಫೀಸಿನಲ್ಲಿ ರಜೆ ಕೇಳುವ ವಾಡಿಕೆಯೇ ಇರಲಿಲ್ಲ. ಬೇಗ ಮನೆಗೆ ಹೋಗಬೇಕಾದವರು ದೊಡ್ಡೋರ ಗಾಜಿನ ಕೋಣೆಯ ಮುಂದೆ ತಲೆ ತಗ್ಗಿಸಿ, ಬಗ್ಗಿ ಹಾದು ಹಿಂದಿನ ಮೆಟ್ಟಿಲಿಳಿದು ಜಾರಿಕೊಳ್ಳುತ್ತಿದ್ದರು. ಆಪರೇಶನ್ನಿಗೆ ಇಡೀ ದಿನ ಬೇಕು, ಜಾರಿಕೊಂಡರೆ ಸಾಲದು. ಅವಳು ಫೋನ್ ಕೆಳಗಿಟ್ಟಳು. ಬಗ್ಗಿ ಬಗ್ಗಿ ಅವಳಿಗೂ ಸಾಕಾಗಿತ್ತು. ಎದ್ದು ಗಾಜಿನ ಕೋಣೆಯ ಬಾಗಿಲು ತೆಗೆದು ಒಳಗೆ ಹೋದಳು.

"ಸರ್, ಬುಧವಾರ ನಾನು ಬರೋದಿಲ್ಲ. ಅಪ್ಪನ ಕಣ್ಣಿನ ಆಪರೇಶನ್ ಇದೆ."

ದೊಡ್ಡೋರು ವರದಿಯಿಂದ ತಲೆಯನ್ನೂ ಎತ್ತಲಿಲ್ಲ. "ಹಾಂ, ಹೋಗಿ ಬನ್ನಿ. ಗುರುವಾರಾನೂ ಬೇಕಾಗಬಹುದು, ತಗೊಳ್ಳಿ."

ಅವಳು ಅಲ್ಲೇ ನಿಂತಿದ್ದಳು.

"ಇನ್ನೇನಾದ್ರೂ ಇತ್ತಾ?"

"ಇಲ್ಲ ಸರ್" ಎಂದು ಹೊರಬಂದಳು. ಖುಷಿಯಾಗಬೇಕಿತ್ತು. ತನ್ನ ಜಾಗಕ್ಕೆ ಹೋಗದೆ ನೀರಿನ ಡ್ರಮ್ಮಿನ ಪಕ್ಕದ ಸ್ಟೂಲಿನ ಮೇಲೆ ಕೂತುಬಿಟ್ಟಳು.

ಬುಧವಾರ ಡಾಕ್ಟರು ಅಪ್ಪನ ಕಣ್ಣಿಗೆ ಬಹಳ ಹೊತ್ತು ಬೆಳಕು ಬಿಟ್ಟು ನೋಡಿದರು. "ಬಲಗಣ್ಣು ಸರಿಹೋಗುತ್ತೆ, ಇವತ್ತೇ ಮಾಡ್ತೀವಿ" ಎಂದರು. "ಎಡಗಡೇದು ಪೊರೆ ತುಂಬಾ ಬಲಿತು, ಕಣ್ಣಿನ ಒತ್ತಡ ಏರಿ ಒಳಗಿನ ನರಕ್ಕೆ ಪೆಟ್ಟಾಗಿದೆ. ತೆಗೆದ್ರೂ ಬರೀ ಬೆಳಕು ಕಾಣಬಹುದು, ಅಷ್ಟೆ. ಆರು ತಿಂಗಳ ಹಿಂದೆ ಬಂದಿದ್ರೆ ಅದನ್ನೂ ಉಳಿಸ್ಬಹುದಿತ್ತು."

ಹೊರಗಿನ ಬೆಂಚಿನ ಮೇಲೆ ಸರದಿಗೆ ಕಾಯುತ್ತ ಕೂತರು. ಅಪ್ಪ ಅವಳ ಕೈ ತಡಕಿ ಹಿಡಿದುಕೊಂಡರು. ಮಗಳು ನೊಂದುಕೊಳ್ಳುತ್ತಾಳೆ ಎಂಬುದೇ ಅವರ ಚಿಂತೆ.

"ನೀನೇನು ಮಾಡ್ತೀಯ ಪುಟ್ಟಿ. ಅವರು ಆಗ ರಜೆ ಕೊಡಲಿಲ್ಲವಲ್ಲ."

ಹೌದು ಎಂದುಬಿಟ್ಟರೆ ಮುಗಿಯುತ್ತಿತ್ತು.

"ನಾನು ಕೇಳಲೇ ಇಲ್ಲ ಅಪ್ಪಾ" ಎಂದಳು.

ಅಪ್ಪ ಹಿಡಿದ ಕೈಯನ್ನು ಬಿಡಲಿಲ್ಲ.

"ಕೇಳ್ಬೇಕಿತ್ತು ಕಣೇ" ಎಂದರು. ಅಷ್ಟರಲ್ಲಿ ನರ್ಸ್ ಬಂದು ಅವರನ್ನು ಒಳಗೆ ಕರೆದಳು.